ಕಬ್ಬಿನ ಮರೆಯಲ್ಲಿ ಬೆಳೆಯುವ ಕೇಡು

(ವಯನಾಡು ಗಡಿ ಭಾಗದ ಬೆಳೆಗಾರ ಸದಸ್ಯರನ್ನು ಉದ್ದೇಶಿಸಿ ಕಾರ್ಖಾನೆಯ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಬಿತ್ತನೆ ಕಬ್ಬು, ಗೊಬ್ಬರ, ಕಟಾವಿನ ಸರದಿ, ಇವು ನಾನು ತಮ್ಮೊಡನೆ ಎಂದೂ ಆಡುವ ಮಾತುಗಳು. ಇಂದು ಅವನ್ನು ಬದಿಗಿಟ್ಟು ಗಾಂಜಾ ಮತ್ತಿತರ ಮಾದಕ ವಸ್ತುಗಳ ವಿಷಯ ತೆಗೆದುಕೊಂಡಿದ್ದೇನೆ. ಇದು ಪೊಲೀಸರ ಕೆಲಸವಲ್ಲವೇ, ಕಬ್ಬಿನ ಅಧಿಕಾರಿಗೇಕೆ ಎಂದು ತಾವು ಕೇಳಬಹುದು. ಕಾರಣವಿದೆ. ಕಬ್ಬು ಆಳೆತ್ತರ ಬೆಳೆದು ಸಾಲು ಕೂಡಿಕೊಂಡ ಮೇಲೆ ಒಳಗೇನಿದೆ ಎಂಬುದು ದಾರಿಹೋಕರಿಗೆ ಕಾಣುವುದಿಲ್ಲ. ಮಣ್ಣೇರಿಸಿದ ನಂತರ ಕಟಾವಿನವರೆಗೆ ಹೊಲದ ನಡುಭಾಗಕ್ಕೆ ಯಜಮಾನನೇ ಕಾಲಿಡುವುದು ಅಪರೂಪ. ಕರ್ನಾಟಕದಲ್ಲಿ ಕಬ್ಬು, ಜೋಳ, ಹತ್ತಿಯ ನಡುವೆ ಗಾಂಜಾ ಬೆಳೆಸಿ ಸಿಕ್ಕಿಬಿದ್ದ ಸುದ್ದಿಯನ್ನು ಪತ್ರಿಕೆಗಳಲ್ಲಿ ತಾವು ಎಷ್ಟೋ ಸಲ ಓದಿದ್ದೀರಿ.

ಅದರ ಮೇಲೆ ನಮ್ಮದು ಗಡಿ ಸೀಮೆ. ಕೊಡಗು, ಮೈಸೂರು, ಚಾಮರಾಜನಗರ, ಈ ಮೂರೂ ಜಿಲ್ಲೆಗಳು ವಯನಾಡಿಗೆ ತಾಗಿಕೊಂಡಿವೆ. ಕುಟ್ಟದ ಕಡೆಯಿಂದ ತೋಲ್ಪೆಟ್ಟಿ, ಹೆಗ್ಗಡದೇವನಕೋಟೆಯ ಕಡೆಯಿಂದ ಬಾವಲಿ, ಗುಂಡ್ಲುಪೇಟೆಯ ಕಡೆಯಿಂದ ಮುತ್ತಂಗ, ಹೀಗೆ ದಾರಿಗಳು ಹೋಗುತ್ತವೆ. ಬೆಂಗಳೂರು, ಮೈಸೂರುಗಳ ಕಡೆಯಿಂದ ಹೊರಟ ಗಾಂಜಾ ಮತ್ತು ಎಂ.ಡಿ.ಎಂ.ಎ. ಎಂಬ ರಾಸಾಯನಿಕ ಮಾದಕವನ್ನು ಮುತ್ತಂಗದ ತಪಾಸಣೆಯಲ್ಲಿ ಕೇರಳದ ಅಬ್ಕಾರಿಯವರೂ ಪೊಲೀಸರೂ ಪದೇ ಪದೇ ಹಿಡಿದಿದ್ದಾರೆ. ದೊಡ್ಡ ದಾರಿಯಲ್ಲಿ ತಪಾಸಣೆ ಬಿಗಿಯಾದಷ್ಟೂ ಕಳ್ಳಮಾಲಿಗೆ ಬದಿಯ ಹಳ್ಳಿಯ ಪಂಪ್‌ಸೆಟ್ ಮನೆ, ಹೊಲದ ಗುಡಿಸಲು ಬೇಕಾಗುತ್ತದೆ. ಆ ಮನೆ ತಮ್ಮದಾಗಬಾರದು.

ಮೊದಲು ಗಿಡದ ಗುರುತು ಹೇಳುತ್ತೇನೆ. ನಮ್ಮ ರೈತರು ಪುಂಡಿ ಗಿಡವನ್ನು ಕಂಡು ಗಾಂಜಾ ಎಂದುಕೊಳ್ಳುವುದೂ ಉಂಟು, ಗಾಂಜಾ ಕಂಡು ಪುಂಡಿ ಎಂದು ಸುಮ್ಮನಾಗುವುದೂ ಉಂಟು. ಪುಂಡಿಯ ಎಲೆ ಬೆರಳಿನಂತೆ ಸೀಳಿದ್ದರೂ ಬುಡದಲ್ಲಿ ಕೂಡಿಕೊಂಡು ಒಂದೇ ಎಲೆಯಾಗಿರುತ್ತದೆ. ಹೂವು ದೊಡ್ಡದು, ಹಳದಿ, ನಡುವೆ ಕಡುಗೆಂಪು. ಗಾಂಜಾದಲ್ಲಿ ಐದು, ಏಳು ಅಥವಾ ಒಂಬತ್ತು ಕಿರುಎಲೆಗಳು ತೊಟ್ಟಿನ ಒಂದೇ ತುದಿಯಿಂದ ಬಿಡಿಬಿಡಿಯಾಗಿ ಹೊರಡುತ್ತವೆ. ಅಂಚು ಗರಗಸದ ಹಲ್ಲಿನಂತಿರುತ್ತದೆ. ಅದಕ್ಕೆ ಪಕಳೆಯ ಹೂವಿಲ್ಲ. ತುದಿಯಲ್ಲಿ ಹಸಿರು ತೆನೆಯಂತೆ ಒತ್ತಾಗಿ ಬರುತ್ತದೆ. ಮುಟ್ಟಿದರೆ ಅಂಟು, ದೂರಕ್ಕೂ ಗಾಟು ವಾಸನೆ.

ಗಾಂಜಾ ಬಿಸಿಲು ಬೇಡುವ ಗಿಡ. ಕಬ್ಬಿನ ದಟ್ಟ ನೆರಳಿನಲ್ಲಿ ಅದು ಏಳದು. ಆದ್ದರಿಂದ ಬೆಳೆಸುವವನು ಹೊಲದ ನಡುವೆ ಕಬ್ಬು ಕಡಿದು ತೆರವು ಮಾಡಿಕೊಳ್ಳಲೇಬೇಕು. ಕೊಳೆ ರೋಗವಿಲ್ಲದೆ, ಹಂದಿಯ ಹಾವಳಿಯಿಲ್ಲದೆ ನಡುಭಾಗದಲ್ಲಿ ಕಬ್ಬು ಕಾಣೆಯಾಗಿದ್ದರೆ, ನೀರಿನ ಕಾಲುವೆಗೂ ಮನೆಗೂ ಸಂಬಂಧವಿಲ್ಲದ ಕಡೆಯಿಂದ ಕಾಲುದಾರಿ ಬಿದ್ದಿದ್ದರೆ, ಒಂದೇ ತುಂಡಿಗೆ ಬೇರೆ ಪೈಪು ಎಳೆದಿದ್ದರೆ, ವಿಚಾರಿಸಿ ನೋಡಿ.

ಇನ್ನು ಮಾರಾಟದ ಗುರುತು. ಎಂ.ಡಿ.ಎಂ.ಎ. ಸಾಮಾನ್ಯವಾಗಿ ಕಲ್ಲುಸಕ್ಕರೆಯ ಚೂರಿನಂತಿರುವ ಹರಳು ಅಥವಾ ಪುಡಿ. ಬೆರಳಗಲದ ಪ್ಲಾಸ್ಟಿಕ್ ಚೀಟುಗಳು, ಅಕ್ಕಸಾಲಿಗರ ಬಳಿ ಇರುವಂಥ ಪುಟ್ಟ ತಕ್ಕಡಿ, ಸುಟ್ಟ ಬೆಳ್ಳಿ ಕಾಗದ, ಗಾಜಿನ ಕೊಳವೆ, ಸೂಜಿ, ಇವು ಪಂಪ್‌ಸೆಟ್ ಮನೆಯಲ್ಲೋ ಶಾಲೆಯ ಹಿಂದೆಯೋ ಒಟ್ಟಿಗೆ ಕಂಡರೆ ಕೃಷಿಗೆ ಸಂಬಂಧಪಟ್ಟವಲ್ಲ. ಹುಡುಗರು ಒಬ್ಬೊಬ್ಬರಾಗಿ ಬಂದು ಎರಡು ನಿಮಿಷ ನಿಂತು ಹೋಗುವುದು, ಅದೂ ದಿನವೂ ಅದೇ ವೇಳೆಗೆ, ಇನ್ನೊಂದು ಗುರುತು.

ಆದರೆ ಗಮನವಿಡಬೇಕಾದದ್ದು ಕೃತ್ಯದ ಮೇಲೆ, ಮನುಷ್ಯನ ಮುಖದ ಮೇಲಲ್ಲ. ವಯನಾಡಿನ ಎಷ್ಟೋ ರೈತರು ಈ ಕಡೆ ಭೂಮಿ ಗುತ್ತಿಗೆ ಪಡೆದು ಶುಂಠಿ ಬೆಳೆಯುತ್ತಾರೆ. ಅವರೊಡನೆ ಕೂಲಿಯವರೂ ಬರುತ್ತಾರೆ. ಮಲಯಾಳ ಮಾತನಾಡಿದ ಎಂಬುದು ಅನುಮಾನಕ್ಕೆ ಕಾರಣವಲ್ಲ. ಬಂಡೀಪುರದ ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳಿಗೆ ನಿರ್ಬಂಧವಿದೆ. ಆದ್ದರಿಂದ ರಾತ್ರಿ ನಿಂತ ಲಾರಿಯೆಲ್ಲ ಕಳ್ಳಮಾಲಿನದಲ್ಲ.

ಈಗ ಕಾನೂನು. 1985ರ ಮಾದಕ ವಸ್ತುಗಳ ಕಾಯಿದೆ ಕೇಂದ್ರದ್ದು. ಗಡಿಯ ಈಚೆಗೂ ಆಚೆಗೂ ಒಂದೇ. ಗಾಂಜಾ ಗಿಡ ಬೆಳೆಸಿದವನಿಗೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. 10 ಗ್ರಾಂ ಎಂ.ಡಿ.ಎಂ.ಎ. ಮೀರಿದರೆ ಸಜೆ 10 ವರ್ಷಕ್ಕೆ ಕಡಿಮೆಯಿಲ್ಲ. ಗಾಂಜಾಕ್ಕೆ ಆ ಮಿತಿ 20 ಕಿಲೋ. ರೈತರು ಮುಖ್ಯವಾಗಿ ನೆನಪಿಡಬೇಕಾದ ಕಲಮುಗಳು ಎರಡು. 46ನೆಯ ಕಲಮಿನಂತೆ ತನ್ನ ಭೂಮಿಯಲ್ಲಿ ಅಕ್ರಮವಾಗಿ ಗಾಂಜಾ ಬೆಳೆದಿರುವುದನ್ನು ಭೂಮಿಯ ಹಿಡುವಳಿದಾರ ಕೂಡಲೇ ತಿಳಿಸಬೇಕು. ಗೊತ್ತಿದ್ದೂ ತಿಳಿಸದಿದ್ದರೆ ಶಿಕ್ಷೆಗೆ ಗುರಿ. 25ನೆಯ ಕಲಮಿನಂತೆ ತನ್ನ ಮನೆ, ಜಾಗ, ವಾಹನವನ್ನು ಗೊತ್ತಿದ್ದೂ ಈ ಕೆಲಸಕ್ಕೆ ಬಿಟ್ಟುಕೊಟ್ಟವನಿಗೆ ಅಪರಾಧ ಮಾಡಿದವನಷ್ಟೇ ಶಿಕ್ಷೆ. "ನಾನು ಬೆಳೆಯಲಿಲ್ಲ, ಗುತ್ತಿಗೆ ಕೊಟ್ಟಿದ್ದೆ" ಎಂದಷ್ಟೇ ಹೇಳಿದರೆ ಸಾಲದು. ಗುತ್ತಿಗೆ ಕೊಡುವಾಗ ಕರಾರು ಬರೆಸಿ, ಗುತ್ತಿಗೆದಾರನ ವಿಳಾಸದ ದಾಖಲೆ ಇಟ್ಟುಕೊಳ್ಳಿ, ಹದಿನೈದು ದಿನಕ್ಕೊಮ್ಮೆ ಹೊಲದ ನಡುವಿನವರೆಗೆ ನಡೆದು ಬನ್ನಿ. ಕೊರಕ ಹುಳುವಿನ ಬಾಧೆ ನೋಡಲೂ ಈ ನಡಿಗೆ ಉಪಯೋಗಕ್ಕೆ ಬರುತ್ತದೆ.

ಕಂಡಮೇಲೆ ಏನು ಮಾಡಬೇಕು? ಗಿಡ ಕೀಳಬೇಡಿ, ಪೊಟ್ಟಣ ಮುಟ್ಟಬೇಡಿ, ಎದುರಾಗಿ ಕೇಳಲು ಹೋಗಬೇಡಿ. ಕಿತ್ತರೆ ಸಾಕ್ಷ್ಯ ಹೋಗುತ್ತದೆ, ಮುಟ್ಟಿದ ಮಾಲು ತಮ್ಮ ಕೈಯಲ್ಲೇ ಸಿಕ್ಕಂತಾಗುತ್ತದೆ, ಕೇಳಿದರೆ ಅವರು ಎಚ್ಚರಗೊಳ್ಳುತ್ತಾರೆ. ಮೊಬೈಲಿನ ಗುಂಪುಗಳಲ್ಲಿ ಹೆಸರು ಹಾಕಬೇಡಿ. ದಿನ, ವೇಳೆ, ಸರ್ವೆ ನಂಬರು, ಹತ್ತಿರದ ಗುರುತಿನ ಸ್ಥಳ, ವಾಹನದ ನಂಬರು, ಕಣ್ಣಾರೆ ಕಂಡದ್ದು, ಇಷ್ಟನ್ನು ಬರೆದುಕೊಳ್ಳಿ. ಕೇಳಿದ ಮಾತನ್ನು ಕೇಳಿದ್ದೆಂದೇ ಹೇಳಿ.

ಮಾಹಿತಿ ಕೊಡಲು 1933 ಎಂಬ ನಂಬರಿದೆ. 2024ರ ಜುಲೈಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ್ದು. ಕರೆಗೆ ಹಣವಿಲ್ಲ, ಇಡೀ ದೇಶಕ್ಕೆ ಒಂದೇ. ಹೊಲ ಯಾವ ರಾಜ್ಯದ ಠಾಣೆಗೆ ಸೇರಿದ್ದು ಎಂಬ ಗೊಂದಲವಿದ್ದರೂ ಇದಕ್ಕೆ ಹೇಳಬಹುದು. ತುರ್ತಾದರೆ 112. ಹೆಸರು ಹೊರಬೀಳುವ ಭಯ ಸಹಜ. ಮಾಹಿತಿ ಎಲ್ಲಿಂದ ಬಂತೆಂದು ಹೇಳುವಂತೆ ಅಧಿಕಾರಿಯನ್ನು ಒತ್ತಾಯಿಸಲಾಗದು ಎಂದು ಆ ಕಾಯಿದೆಯ 68ನೆಯ ಕಲಮು ಹೇಳುತ್ತದೆ. ಹಾಗೆಯೇ, ಬದುವಿನ ಜಗಳಕ್ಕೆ ಸೇಡು ತೀರಿಸಲು ಬೇಕೆಂದೇ ಸುಳ್ಳು ಮಾಹಿತಿ ಕೊಟ್ಟು ಬಂಧನವೋ ಶೋಧನೆಯೋ ಆಗುವಂತೆ ಮಾಡಿದವನಿಗೆ 2 ವರ್ಷದವರೆಗೆ ಸಜೆಯಿದೆ. ಈ ಕಾನೂನನ್ನು ನೆರೆಯವನ ಮೇಲೆ ಎಸೆಯುವ ಕಲ್ಲಾಗಿ ಬಳಸಬೇಡಿ.

ಕೊನೆಯ ಮಾತು ತಾಯಂದಿರಿಗೆ. ಮಗನ ನಿದ್ದೆ, ಊಟ, ಕೈಖರ್ಚು ಏರುಪೇರಾದದ್ದು ಮನೆಯಲ್ಲಿ ಮೊದಲು ತಿಳಿಯುವುದು ತಮಗೆ. ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಚಟಕ್ಕೆ ಬಿದ್ದವನಿಗೆ ಚಿಕಿತ್ಸೆಯಿದೆ. 14446ಕ್ಕೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ. ವಯನಾಡಿನಲ್ಲಿರುವವರಿಗೆ ಕೇರಳ ಅಬ್ಕಾರಿ ಇಲಾಖೆಯ ವಿಮುಕ್ತಿ ಯೋಜನೆಯ 14405 ಇದೆ. ಅಲ್ಪ ಪ್ರಮಾಣದಲ್ಲಿ ಸಿಕ್ಕಿಬಿದ್ದ ಚಟಗಾರ ತಾನಾಗಿ ಚಿಕಿತ್ಸೆಗೆ ಒಪ್ಪಿ ಅದನ್ನು ಪೂರೈಸಿದರೆ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಕಲಮೂ ಇದೇ ಕಾಯಿದೆಯಲ್ಲಿದೆ.

ಕಬ್ಬಿಗೆ ಕೆಂಪು ಕೊಳೆ ರೋಗ ಬಂದರೆ ತಾವು ಪಕ್ಕದ ಹೊಲದವನಿಗೂ ನಮ್ಮ ಕ್ಷೇತ್ರ ಸಿಬ್ಬಂದಿಗೂ ಅಂದೇ ತಿಳಿಸುತ್ತೀರಿ. ಮುಚ್ಚಿಟ್ಟರೆ ಇಡೀ ಬಯಲು ಹೋಗುತ್ತದೆಂದು ಬಲ್ಲಿರಿ. ಇದಕ್ಕೂ ಅಷ್ಟೇ ಬೇಗ ಬಾಯಿ ಬಿಡಬೇಕೆಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.