ಗಡಿಯಾರ ಕೇಳದೆ ಲಾಗ್ ಓದಬೇಡಿ

ಲ್ಯಾಬ್ ನೋಡಿಕೊಳ್ಳುವ ಸಿಬ್ಬಂದಿಯವರ ಹೆಸರು ಆಹ್ವಾನ ಪತ್ರಿಕೆಯಲ್ಲಿಲ್ಲ. ಆದರೆ ಮಷೀನ್ ಕೆಟ್ಟಾಗ ಲಾಗ್ ಓದುವವರು ಅವರೇ.

ಹಳೆಯ ಲಾಗ್‌ಗಳನ್ನು ಎಷ್ಟು ದಿನ ಉಳಿಸಬೇಕೆಂದು ಹಾಸನದಿಂದ ಬಂದಿರುವ ಮೇಡಂ ಹೇಳುತ್ತಾರೆ. ಲಾಗ್‌ನಲ್ಲಿ ಪದ ಹುಡುಕುವ ಗ್ರೆಪ್‌ನ ಕಸರತ್ತನ್ನು ಮೂರನೇ ಸಾಲಿನಲ್ಲಿ ನಗುತ್ತಾ ಕೂತಿರುವ ನನ್ನ ಹಳೆಯ ಶಿಷ್ಯರಿಗೆ ಬಿಟ್ಟಿದ್ದೇನೆ. ನನ್ನದು ಒಂದೇ ತಕರಾರು, ಹಳೆಯದು. ನಾವು ಮಕ್ಕಳಿಗೆ ಕಮಾಂಡ್ ಕಲಿಸಿದೆವು, ಅದು ಕೊಡುವ ವೇಳೆಯನ್ನು ಅನುಮಾನಿಸಲು ಕಲಿಸಲಿಲ್ಲ.

ಲಿನಕ್ಸ್‌ನಲ್ಲಿ ಕರ್ನೆಲ್‌ನ ಸಂದೇಶ ತೋರಿಸುವ ಡಿಮೆಸ್ಗ್ ಕಮಾಂಡ್ ಹೊಡೆದರೆ ಮೊದಲ ಸಾಲಿನ ಚೌಕ ಕಂಸದಲ್ಲಿ 0.000000 ಎಂದಿರುತ್ತದೆ. ಅದು ಕರ್ನೆಲ್ ಎದ್ದ ಮೇಲಿನ ಸೆಕೆಂಡುಗಳ ಎಣಿಕೆ. ಆ ಲೆಕ್ಕವನ್ನು ನಂಬಬಹುದು. ಅದೇ ಕಮಾಂಡಿಗೆ ಮೈನಸ್ ಕ್ಯಾಪಿಟಲ್ ಟಿ ಸೇರಿಸಿದರೆ ತಾರೀಖು, ಗಂಟೆ ಎಲ್ಲ ಬರುತ್ತದೆ, ವಿದ್ಯಾರ್ಥಿಗೆ ಖುಷಿ. ಆದರೆ ಮಷೀನ್ ನಡುವೆ ಸಸ್ಪೆಂಡ್ ಆಗಿ ಎದ್ದಿದ್ದರೆ ಆ ಗಂಟೆ ತಪ್ಪಿರಬಹುದು. ಮ್ಯಾನ್ಯುಯಲ್‌ನಲ್ಲೇ ಹಾಗೆಂದು ಬರೆದಿದೆ. ಮ್ಯಾನ್ಯುಯಲ್ ಓದುವವರು ಕೈ ಎತ್ತಿ. ಸರಿ, ಇಳಿಸಿ.

ಹಿಂದೊಮ್ಮೆ ಒಂದು ಕಾಲೇಜಿನ ಲ್ಯಾಬಿನಲ್ಲಿ ಪರೀಕ್ಷೆಯ ಫೈಲ್ ಅಳಿಸಿದವರು ಯಾರೆಂಬ ಜಗಳ. ಲಾಗ್‌ನಲ್ಲಿ ಹುಡುಗನೊಬ್ಬನ ಲಾಗಿನ್, ಬೆಳಗಿನ ಜಾವ ಮೂರು ಗಂಟೆಗೆ! ಗಡಿಯಾರ ನಡೆಸುವ, ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತು ಎಷ್ಟೋ ದಿನವಾಗಿತ್ತು. ಗಡಿಯಾರ ಸರಿಯಿದೆಯೇ ಎಂದು ಟೈಮ್‌ಡೇಟ್‌ಸಿಟಿಎಲ್ ಕಮಾಂಡನ್ನು ಕೇಳುವುದಕ್ಕೆ ಮೊದಲೇ ಹುಡುಗನ ಅಪ್ಪನನ್ನು ಕರೆಸಿಯಾಗಿತ್ತು.

ಇಲ್ಲಿಂದ ಮುಂದಿನದು ನನಗೂ ಬಗೆಹರಿಯದ ಪ್ರಶ್ನೆ. ರಾಸ್ಪ್‌ಬೆರಿ ಪೈ ನಾಲ್ಕರವರೆಗಿನ ಬೋರ್ಡುಗಳಲ್ಲಿ ಬ್ಯಾಟರಿಯ ಗಡಿಯಾರವೇ ಇಲ್ಲ. ಕರೆಂಟ್ ಹೋಗಿ ಬಂದಾಗ ಸಿಸ್ಟಮ್‌ಡಿ, ತಾನು ಕೊನೆಗೆ ಬರೆದಿಟ್ಟ ಹೊತ್ತಿನಿಂದಲೇ ಎಣಿಕೆ ಶುರುಮಾಡುತ್ತದೆ. ಕರೆಂಟ್ ಇಲ್ಲದ ಅಷ್ಟೂ ಹೊತ್ತು ನಡೆದೇ ಇಲ್ಲವೇನೋ ಎಂಬಂತೆ. ನೆಟ್‌ವರ್ಕ್ ಸಿಕ್ಕರೆ ಗಡಿಯಾರ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ. ಸಿಗದಿದ್ದರೆ? ಸಿಸ್ಟಮ್‌ಡಿಯ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ ಪ್ರತಿ ಬೂಟ್‌ಗೂ ಒಂದು ಗುರುತು ಕೊಡುತ್ತದೆ. ಒಂದು ಬೂಟ್‌ನೊಳಗೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಖಚಿತ. ಎರಡು ಬೂಟ್‌ಗಳ ನಡುವೆ ಹತ್ತು ನಿಮಿಷವೋ ಹತ್ತು ದಿನವೋ, ಆ ಮಷೀನನ್ನಷ್ಟೇ ಕೇಳಿ ಹೇಗೆ ತಿಳಿಯುವುದು?

ಇಲ್ಲಿರುವ ಬೇಲೂರಿನ ಅಧ್ಯಾಪಕರು ಇದಕ್ಕೆ ನಗಬಹುದು. ಅವರ ಊರಿನ ಗುಡಿಯಲ್ಲಿ ಚೆನ್ನಕೇಶವನ ಪ್ರತಿಷ್ಠೆ ಆದದ್ದು ಶಕ 1039, ಹೇಮಲಂಬಿ ಸಂವತ್ಸರ, ಅಂದರೆ 1117. ಶಾಸನಗಳಲ್ಲಿ ಶಕವರ್ಷದ ಜೊತೆಗೆ ಸಂವತ್ಸರ, ಮಾಸ, ತಿಥಿ, ವಾರ ಇರುವುದು ವಾಡಿಕೆ. ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತದೆ. ಬಿ. ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳ ಸಂಪುಟ ತಂದ ಮೇಲೆ, ತಿಥಿಗೂ ವಾರಕ್ಕೂ ತಾಳೆಯಾಗದ ಕಡೆ ವಿದ್ವಾಂಸರು ಜಗಳವಾಡಲು ಸಾಧ್ಯವಾದದ್ದೇ ಈ ಹಲವು ಗುರುತುಗಳಿಂದ. ಅದೇ ಗುಡಿಯ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದಿದ್ದಾರೆ, ತಾರೀಖಿಲ್ಲ. ಯಾರೆಂದು ಗೊತ್ತು, ಯಾವ ದಿನವೆಂದು ಗೊತ್ತಿಲ್ಲ. ನಮ್ಮ ಲಾಗ್‌ಗಳಲ್ಲಿ ತಾರೀಖು ಧಾರಾಳ. ತಾಳೆ ನೋಡಲು ಇನ್ನೊಂದು ಸಾಕ್ಷಿ ಇಲ್ಲ.

ಮಧ್ಯಾಹ್ನದ ಗೋಷ್ಠಿಗೆ ಬ್ಯಾಟರಿ ತೆಗೆದ ಒಂದು ಮಷೀನ್ ಇಟ್ಟಿದ್ದೇವೆ, ನೆಟ್‌ವರ್ಕ್ ತಂತಿಯೂ ಇಲ್ಲ. ಈ ವಾರ ಅದು ಒಟ್ಟು ಎಷ್ಟು ಹೊತ್ತು ಆಫ್ ಆಗಿತ್ತೆಂದು ಲಾಗ್‌ಗಳಿಂದ ತೋರಿಸಿದವರ ಜೊತೆ ಸಂಜೆ ಟೀ ಕುಡಿಯುತ್ತಾ ವಾದ ಮಾಡಲು ಸಿದ್ಧನಿದ್ದೇನೆ. ಗೋಡೆ ಗಡಿಯಾರ ನೋಡುವಂತಿಲ್ಲ.