ಸಂಗೀತದಲ್ಲಿ ರುಚಿಭೇದ

ಸಂಗೀತ ಕಚೇರಿಯೊಂದು ಮುಗಿದು ಜನ ಹೊರಗೆ ಬರುವಾಗ ಅವರಾಡುವ ಮಾತುಗಳಿಗೆ ಕಿವಿಗೊಟ್ಟರೆ ವಿನೋದವಾಗಿರುತ್ತದೆ. ಒಬ್ಬರು ಇಂದಿನ ತೋಡಿಯಂಥ ತೋಡಿಯನ್ನು ಕೇಳಿ ಬಹುಕಾಲವಾಯಿತೆನ್ನುತ್ತಾರೆ. ಅವರ ಕಣ್ಣಂಚು ಇನ್ನೂ ಒದ್ದೆಯಾಗಿರುತ್ತದೆ. ಅವರ ಪಕ್ಕದಲ್ಲಿಯೇ ಕುಳಿತಿದ್ದವರು ಅದೇ ತೋಡಿಯ ಹೊತ್ತಿನಲ್ಲಿ ಎರಡು ಸಲ ಗಡಿಯಾರ ನೋಡಿಕೊಂಡಿದ್ದಾರೆ. ಅವರ ಮನಸ್ಸಿಗೆ ಹಿಡಿದದ್ದು ಕೊನೆಯಲ್ಲಿ ಹಾಡಿದ ಚಿಕ್ಕದೊಂದು ದೇವರನಾಮ. ಮೂರನೆಯವರಿಗೆ ಇವೆರಡೂ ಬೇಡ. ಮೃದಂಗದ ತನಿ ಆವರ್ತನವೊಂದಿದ್ದರೆ ಅವರು ತೃಪ್ತರು. ಹಾಡಿದವರು ಒಬ್ಬರೇ, ಕೇಳಿದ ನಾದವೂ ಒಂದೇ. ಆದರೂ ಮೂವರು ತಮ್ಮ ತಮ್ಮ ಮನೆಗೆ ಕೊಂಡೊಯ್ದದ್ದು ಮೂರು ಬೇರೆ ಬೇರೆ ಸಂಗೀತ.

ಇದು ವಿನೋದದ ಮಟ್ಟದಲ್ಲಿಯೇ ನಿಲ್ಲುವುದಾದರೆ ಚಿಂತೆಯಿಲ್ಲ. ಆದರೆ ನಮ್ಮಲ್ಲಿ ಅನೇಕರ ಮನೆಗಳಲ್ಲಿ ಇದು ವಿರಸಕ್ಕೂ ಕಾರಣವಾಗುವುದುಂಟು. ತಂದೆಗೆ ಕೀರ್ತನೆಯಲ್ಲದ್ದು ಸಂಗೀತವೇ ಅಲ್ಲ. ಮಗನಿಗೆ ಚಲಚ್ಚಿತ್ರದ ಹಾಡೇ ಪ್ರಾಣ. ಅಜ್ಜಿ ತನ್ನಷ್ಟಕ್ಕೆ ಗುನುಗಿಕೊಳ್ಳುವ ಬೀಸುವ ಪದವನ್ನು ಇವರಿಬ್ಬರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾವು ಉಟ್ಟ ಬಟ್ಟೆಯ ಬಣ್ಣವನ್ನು ಯಾರಾದರೂ ಹಳಿದರೆ ನಕ್ಕು ಸುಮ್ಮನಾಗುತ್ತೇವೆ. ನಮಗೆ ಪ್ರಿಯವಾದ ಹಾಡನ್ನು ಹಳಿದರೆ ಹಾಗೆ ನಗಲಾರೆವು; ನೋವು ಬಹಳ ಒಳಗೆ ತಗಲುತ್ತದೆ. ಇದಕ್ಕೆ ಕಾರಣವೇನೆಂಬುದನ್ನು ಇಂದು ಕೊಂಚ ವಿಚಾರಮಾಡೋಣ.

ನಾದದಲ್ಲಿ ಎಲ್ಲರಿಗೂ ಸಮಾನವಾದ ಅಂಶವೇ ಇಲ್ಲವೆ ಎಂದರೆ, ಉಂಟು. ವೀಣೆಯ ತಂತಿಯನ್ನು ಸರಿಯಾಗಿ ಅದರ ಅರ್ಧದಲ್ಲಿ ಒತ್ತಿ ಮೀಟಿದರೆ ಮೇಲಣ ಷಡ್ಜ ನುಡಿಯುತ್ತದೆ. ಮೂರರಲ್ಲಿ ಎರಡು ಪಾಲು ಉಳಿಯುವಂತೆ ಒತ್ತಿದರೆ ಪಂಚಮ ನುಡಿಯುತ್ತದೆ. ಷಡ್ಜ ಪಂಚಮಗಳ ಕಂಪನಗಳು 2ಕ್ಕೆ 3ರಂತೆ ಇರುತ್ತವೆ. ಈ ಗಣಿತ ಮೈಸೂರಿನಲ್ಲಿಯೂ ನಿಜ, ಮಾಸ್ಕೋ ನಗರದಲ್ಲಿಯೂ ನಿಜ. ಆದರೆ ಗಣಿತ ಒಂದೇ ಆದ ಮಾತ್ರಕ್ಕೆ ಅದರಿಂದ ಹುಟ್ಟುವ ಸುಖವೂ ಒಂದೇ ಆಗಬೇಕೆಂಬ ನಿಯಮವಿಲ್ಲ. ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಕಾಡುಗಳಲ್ಲಿ ತ್ಸಿಮಾನೆ ಎಂಬ ಜನರಿದ್ದಾರೆ. ಪಾಶ್ಚಾತ್ಯರು ಮಧುರವೆಂದು ಮೆಚ್ಚುವ ಸ್ವರಮೇಳಗಳನ್ನೂ ಕರ್ಕಶವೆಂದು ತಳ್ಳುವ ಮೇಳಗಳನ್ನೂ ಅವರಿಗೆ ಕೇಳಿಸಿದಾಗ, ಎರಡೂ ತಮಗೆ ಸಮಾನವಾಗಿ ಹಿತವೆಂದು ಅವರು ಹೇಳಿದರೆಂಬುದಾಗಿ 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದರಿಂದ ತಿಳಿದುಬಂದಿದೆ. ಕಿವಿ ಎಲ್ಲರಿಗೂ ಹುಟ್ಟಿನಿಂದ ಬಂದದ್ದು. ಆದರೆ ಇಂಪು ಎಂಬುದರಲ್ಲಿ ಬಹುಭಾಗ ಬೆಳೆವಣಿಗೆಯಿಂದ ಬರತಕ್ಕದ್ದು.

ನಮ್ಮ ರಾಗಗಳ ವಿಷಯದಲ್ಲಿಯೂ ಹೀಗೆಯೇ. ಮುಖಾರಿ ಎಂದೊಡನೆ ನಮಗೆ ಶೋಕದ ನೆನಪಾಗುತ್ತದೆ. ನೀಲಾಂಬರಿ ಎಂದೊಡನೆ ತೊಟ್ಟಿಲು ಕಣ್ಣಮುಂದೆ ಬರುತ್ತದೆ. ಈ ಸಂಬಂಧವನ್ನು ನಾವು ತಾಯ್ನುಡಿಯನ್ನು ಕಲಿತಂತೆ, ಕಲಿಯುತ್ತಿದ್ದೇವೆಂಬ ಅರಿವೇ ಇಲ್ಲದೆ ಕಲಿತಿರುತ್ತೇವೆ. ಶೋಕವು ಆ ಸ್ವರಗಳಲ್ಲಿಯೇ ಅಂಟಿಕೊಂಡಿದ್ದರೆ ಮುಖಾರಿಯಲ್ಲಿ ಬೇರೊಂದು ಭಾವಕ್ಕೆ ಎಡೆಯಿರಬಾರದಾಗಿತ್ತು. ಆದರೆ ತ್ಯಾಗರಾಜರು ಶಬರಿಯ ಭಾಗ್ಯವನ್ನು ಬಣ್ಣಿಸಲು ಮಾತು ಸಾಲದೆಂದು ಬೆರಗಾಗುವ ಕೃತಿಯನ್ನು ರಚಿಸಿರುವುದು ಇದೇ ಮುಖಾರಿಯಲ್ಲಿ. ಅದನ್ನು ಕೇಳಿ ಒಬ್ಬರು ಆನಂದದಿಂದ ಕಣ್ಣೀರಿಡಬಹುದು, ಇನ್ನೊಬ್ಬರು ಶೋಕದಿಂದ; ಇಬ್ಬರೂ ತಪ್ಪಿದವರಲ್ಲ.

ಹಾಗಾದರೆ ಹಾಡಿನ ಉಳಿದ ಪಾಲು ಎಲ್ಲಿಂದ ಬರುತ್ತದೆ? ಕೇಳುವವರಿಂದ ಬರುತ್ತದೆ. ಈ ಮಾತನ್ನು ಕಾಳಿದಾಸನು ಶಾಕುಂತಲದ ಐದನೆಯ ಅಂಕದಲ್ಲಿ ನಾಟಕವಾಗಿಯೇ ಆಡಿ ತೋರಿಸಿದ್ದಾನೆ. ಸಂಗೀತಶಾಲೆಯಿಂದ ಹಂಸಪದಿಕೆಯ ಗಾನ ತೇಲಿಬರುತ್ತದೆ. ವಿದೂಷಕನು ಅದನ್ನು ಮೊದಲು ಕೇಳಿ, ಸ್ವರಶುದ್ಧಿಯನ್ನು ಗುರುತಿಸಿ, ದೊರೆಗೆ ತಿಳಿಸುತ್ತಾನೆ, ಅವನಿಗೆ ಅಷ್ಟೇ. ದುಷ್ಯಂತನ ಸ್ಥಿತಿ ಬೇರೆ. ಶಾಪದ ದೆಸೆಯಿಂದ ಅವನು ಶಕುಂತಲೆಯನ್ನು ಮರೆತಿದ್ದಾನೆ. ತನಗೆ ಪ್ರಿಯಜನರ ಅಗಲಿಕೆ ಒದಗಿಲ್ಲವೆಂದೇ ತಿಳಿದಿದ್ದಾನೆ. ಆದರೂ ಆ ಗಾನ ಅವನನ್ನು ಕಾರಣವಿಲ್ಲದೆ ಕಳವಳಕ್ಕೀಡುಮಾಡುತ್ತದೆ. ಹಿಂದಿನ ಜನ್ಮದ ಸ್ನೇಹವಾವುದೋ ಅರಿವಿಲ್ಲದೆ ನೆನಪಾಗುತ್ತಿರಬೇಕೆಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಬುದ್ಧಿ ಮರೆತುದನ್ನು ಹೃದಯ ಮರೆತಿರಲಿಲ್ಲ. ಹಾಡು ಅದನ್ನು ತಟ್ಟಿತು. ನಮ್ಮ ಆಲಂಕಾರಿಕರು ಇದನ್ನೇ ವಾಸನೆ ಎಂದು ಕರೆದರು. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತನು, ವಾಸನೆಯಿಲ್ಲದ ಹೃದಯದಲ್ಲಿ ರಸಾಸ್ವಾದವಿಲ್ಲವೆಂಬ ಅಭಿಪ್ರಾಯವನ್ನು ಎತ್ತಿಹಿಡಿದನು.

ಆಧುನಿಕರ ಶೋಧನೆಗಳು ಇದಕ್ಕೆ ವಿರೋಧವಾಗಿಲ್ಲ. ಜನರು ಯಾವ ಕಾಲದ ಹಾಡುಗಳನ್ನು ಅತಿಯಾಗಿ ಮೆಚ್ಚುತ್ತಾರೆಂಬುದನ್ನು ಅಮೆರಿಕೆಯ ಹೋಲ್‌ಬ್ರುಕ್ ಮತ್ತು ಶಿಂಡ್ಲರ್ ಎಂಬ ವಿದ್ವಾಂಸರು ಪರೀಕ್ಷಿಸಿ, 1989ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ತಾವು 23–24ರ ವಯಸ್ಸಿನಲ್ಲಿದ್ದಾಗ ಪ್ರಚಾರದಲ್ಲಿದ್ದ ಹಾಡುಗಳತ್ತ ಜನರ ಒಲವು ಹೆಚ್ಚೆಂದು ಅವರು ಕಂಡರು. ಉದ್ಯೋಗ, ವಿವಾಹ, ಸ್ನೇಹ, ವಿಯೋಗ ಇವೆಲ್ಲ ಬಾಳನ್ನು ತಟ್ಟುವ ವಯಸ್ಸು ಅದು. ಆಗ ಕಿವಿಗೆ ಬಿದ್ದ ಹಾಡು ಆ ದಿನಗಳನ್ನು ತನ್ನೊಡನೆ ಕಟ್ಟಿಕೊಂಡು ಬರುತ್ತದೆ. ಅಜ್ಜಿಯ ಬೀಸುವ ಪದದಲ್ಲಿ ಕೇವಲ ನಾಲ್ಕೈದು ಸ್ವರಗಳಿರಬಹುದು. ಆದರೆ ಅವಳಿಗೆ ಅದರಲ್ಲಿ ಬೆಳಗಿನ ಜಾವದ ಚಳಿಯಿದೆ, ಕಲ್ಲಿನ ಗೂಟಕ್ಕೆ ಜೊತೆಯಾಗಿ ಕೈಯಿಟ್ಟ ಒಡಹುಟ್ಟಿದವಳಿದ್ದಾಳೆ, ಬಿಟ್ಟುಬಂದ ತವರಿದೆ. ನಾವು ಆ ಪದವನ್ನು ಹಳಿದಾಗ ಹಳಿದದ್ದು ನಾಲ್ಕೈದು ಸ್ವರಗಳನ್ನು ಮಾತ್ರವಲ್ಲ.

ಇಲ್ಲಿ ಒಂದು ಆಕ್ಷೇಪಣೆಗೆ ಅವಕಾಶವುಂಟು. ಎಲ್ಲವೂ ಅವರವರ ಮನಸ್ಸಿನಂತೆ ಎಂದರೆ, ಶ್ರುತಿ ತಪ್ಪಿದ ಗಾನಕ್ಕೂ ಪಳಗಿದ ಗಾನಕ್ಕೂ ಭೇದವೇ ಇಲ್ಲವೆ? ವರ್ಷಗಟ್ಟಲೆ ಸಾಧನೆಮಾಡಿದ ವಿದ್ವಾಂಸರ ಗತಿಯೇನು? ಈ ಆಕ್ಷೇಪಣೆಗೆ ಉತ್ತರವೂ ಕಾಳಿದಾಸನಲ್ಲಿಯೇ ಇದೆ. ರಘುವಂಶದ ಇಂದುಮತೀ ಸ್ವಯಂವರದಲ್ಲಿ ಆಕೆ ಅಂಗದೇಶದ ರಾಜನನ್ನು ದಾಟಿ ಮುಂದೆ ನಡೆಯುತ್ತಾಳೆ. ಆ ರಾಜ ಒಲಿಯತಕ್ಕವನಲ್ಲವೆಂದಲ್ಲ, ಗುಣವನ್ನು ಕಾಣುವ ಕಣ್ಣು ಅವಳಿಗಿಲ್ಲವೆಂದೂ ಅಲ್ಲ. ಲೋಕದ ರುಚಿಯೇ ಭಿನ್ನವಾದುದೆಂದು ಕವಿ ಹೇಳುತ್ತಾನೆ. ಇದು ಎಷ್ಟು ನ್ಯಾಯವಾದ ಮಾತು! ರಾಜನ ಗುಣಕ್ಕೂ ಕುಂದಿಲ್ಲ, ಕನ್ಯೆಯ ವಿವೇಕಕ್ಕೂ ಕುಂದಿಲ್ಲ. ಸಂಗೀತದಲ್ಲಿಯೂ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಹಾಡು ಚೆನ್ನಾಗಿ ರಚಿತವಾಗಿದೆಯೆ, ಶ್ರುತಿ ಲಯಗಳು ಶುದ್ಧವಾಗಿವೆಯೆ ಎಂಬುದು ಒಂದು ಪ್ರಶ್ನೆ. ಇದನ್ನು ಬಲ್ಲವರು ವಿಮರ್ಶಿಸಬಹುದು, ಕಾರಣ ಕೊಡಬಹುದು, ಕಲಿಸಬಹುದು. ಅದು ನನ್ನನ್ನು ಮುಟ್ಟಿತೆ ಎಂಬುದು ಎರಡನೆಯ ಪ್ರಶ್ನೆ. ಅದಕ್ಕೆ ಉತ್ತರ ಹೇಳುವ ಅಧಿಕಾರ ಕೇಳಿದವರೊಬ್ಬರಿಗೆ ಮಾತ್ರವುಂಟು. ನಮ್ಮ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದು ಮೊದಲನೆಯ ಪ್ರಶ್ನೆಯ ಉತ್ತರವನ್ನು ಎರಡನೆಯದಕ್ಕೆ ಕೊಡುವುದರಿಂದ.

ಆದರೆ ರುಚಿಯೆಂಬುದು ಹುಟ್ಟಿದ ಮನೆ, ಬೆಳೆದ ಊರುಗಳಿಂದಲೇ ಪೂರ್ತಿಯಾಗಿ ನಿರ್ಣಯವಾಗುತ್ತದೆಂದೂ ತಿಳಿಯಬಾರದು. ಇದಕ್ಕೆ ಮೈಸೂರಿನ ಅರಮನೆಯಲ್ಲಿಯೇ ದೊಡ್ಡ ನಿದರ್ಶನವಿತ್ತು. 1919ರಲ್ಲಿ ಜನಿಸಿ 1940ರಲ್ಲಿ ಪಟ್ಟವೇರಿದ ಜಯಚಾಮರಾಜ ಒಡೆಯರ ಆಸ್ಥಾನದಲ್ಲಿ ವಾಸುದೇವಾಚಾರ್ಯರು, ವೀಣೆ ವೆಂಕಟಗಿರಿಯಪ್ಪನವರು, ಪಿಟೀಲು ಚೌಡಯ್ಯನವರು ಇದ್ದರು. ಅಂಥ ಪರಿಸರದಲ್ಲಿದ್ದ ಆ ತರುಣ ದೊರೆಯ ಹೃದಯವನ್ನು ಸೆರೆಹಿಡಿದದ್ದು ನಿಕೊಲಾಯ್ ಮೆಟ್ನರ್ ಎಂಬ ರಷ್ಯದೇಶದವರ ಪಿಯಾನೋ ಸಂಗೀತ. ಮಾಸ್ಕೋವಿನಲ್ಲಿ 1880ರಲ್ಲಿ ಹುಟ್ಟಿದ ಮೆಟ್ನರರು 1921ರಲ್ಲಿ ಸ್ವದೇಶವನ್ನು ಬಿಟ್ಟು, ಕಡೆಗೆ ಲಂಡನ್ನಿನಲ್ಲಿ ನೆಲೆಸಿ, ರೋಗ ಬಡತನಗಳಲ್ಲಿ ಬಹುಮಟ್ಟಿಗೆ ಮರೆತುಹೋದವರಾಗಿದ್ದರು. ಮಹಾರಾಜರ ದ್ರವ್ಯಸಹಾಯದಿಂದ 1940ರ ದಶಕದ ಕೊನೆಯ ವರ್ಷಗಳಲ್ಲಿ ಅವರ ಕೃತಿಗಳು, ಅವರೇ ಪಿಯಾನೋ ನುಡಿಸುತ್ತಿರಲು, ಗ್ರಾಮಫೋನು ತಟ್ಟೆಗಳಲ್ಲಿ ಮುದ್ರಿತವಾದವು. ಮೆಟ್ನರರು ತಮ್ಮ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿ, 1951ರಲ್ಲಿ ತೀರಿಕೊಂಡರು. ಲಂಡನ್ನಿನಲ್ಲಿಯೇ ಎಷ್ಟೋ ಜನ ಕಡೆಗಣಿಸಿದ್ದ ಸಂಗೀತ ಸಾವಿರಾರು ಮೈಲಿ ದೂರದ ಒಂದು ಹೃದಯಕ್ಕೆ ತನ್ನದೆನ್ನಿಸಿತು. ಅದರಿಂದ ಆ ಹೃದಯ ನಮ್ಮ ಸಂಗೀತಕ್ಕೆ ಮುಚ್ಚಿಹೋಗಲೂ ಇಲ್ಲ. ಅದೇ ಮಹಾರಾಜರು ಶ್ರೀವಿದ್ಯಾ ಅಂಕಿತದಲ್ಲಿ 94 ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದರು. ಒಂದು ರುಚಿ ಬರಬೇಕಾದರೆ ಮತ್ತೊಂದು ಹೋಗಬೇಕಾಗಿಲ್ಲ.

ಮೈಸೂರಿನಲ್ಲಿ 1935ರಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದುದು ಉಚಿತವಾಗಿಯೇ ಇದೆ. ಸಭೆಯಲ್ಲಿ ನಾವು ಪಕ್ಕದವರ ತಲೆದೂಗನ್ನು ನೋಡಿ ತಲೆದೂಗುವುದುಂಟು. ಅರ್ಥವಾಗದುದನ್ನು ಮೆಚ್ಚಿದಂತೆ ನಟಿಸುವುದೂ, ಮೆಚ್ಚಿದುದನ್ನು ನಾಚಿಕೆಯಿಂದ ಬಚ್ಚಿಡುವುದೂ ಉಂಟು. ರೇಡಿಯೋವಿನ ಮುಂದೆ ಒಬ್ಬರೇ ಕುಳಿತಾಗ ಇವೆರಡರ ಹಂಗೂ ಇಲ್ಲ. ನಮ್ಮ ರುಚಿ ನಿಜವಾಗಿ ಎಲ್ಲಿದೆಯೆಂಬುದು ಆಗ ನಮಗೇ ತಿಳಿಯುತ್ತದೆ. ಆ ಪ್ರಾಮಾಣಿಕತೆ ಮೊದಲನೆಯ ಕರ್ತವ್ಯ. ಎರಡನೆಯದು, ಬೇರೆಯವರಿಗೂ ಅದೇ ಸ್ವಾತಂತ್ರ್ಯವನ್ನು ಕೊಡುವುದು. ಮನೆಯಲ್ಲಿ ಯಾರಾದರೂ ನಮಗೆ ಹಿಡಿಸದ ಹಾಡನ್ನು ಕೇಳುತ್ತಿದ್ದರೆ, ಅದನ್ನು ನಿಲ್ಲಿಸಿರೆಂದು ಹೇಳುವ ಬದಲು, ಅದರಲ್ಲಿ ನಿಮಗೆ ಪ್ರಿಯವಾದದ್ದೇನೆಂದು ಒಮ್ಮೆ ಕೇಳಿ ನೋಡೋಣ. ಹಾಡಿನ ವಿಷಯವಾಗಿ ಅವರು ಹೇಳುವುದು ಕೊಂಚವಿರಬಹುದು; ತಮ್ಮ ವಿಷಯವಾಗಿ ಬೇರೆ ಯಾವಾಗಲೂ ಹೇಳದಿದ್ದ ಮಾತೊಂದನ್ನು ಹೇಳಿಯಾರು. ಅದನ್ನು ಕೇಳಿದ ಮೇಲೂ ಆ ಹಾಡು ನಮಗೆ ಹಿಡಿಸದಿರಬಹುದು. ಹಿಡಿಸದಿದ್ದರೂ ಬಾಧಕವಿಲ್ಲ, ಹಾಡು ಮುಗಿಯುವ ತನಕ ಜೊತೆಯಲ್ಲಿ ಕುಳಿತಿರೋಣ.