ಸಾಕಮ್ಮ ಎಂಬ ಹೆಸರು

ಕಳೆದ ವರ್ಷದ ಕಾರ್ತಿಕ ಮಾಸದಲ್ಲಿ ಕೈಲಾಂಚದ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿದೆವು. ನನ್ನ ಮಗನಿಗೆ ಅದು ಚೊಚ್ಚಲ ಹೆಣ್ಣುಮಗು. ಹೆಸರಿನ ಮಾತು ಬಂದಾಗ ಮಗ ಒಂದು ಪಟ್ಟಿಯನ್ನೇ ಮುಂದಿಟ್ಟ. ಎಲ್ಲವೂ ಎರಡು ಮೂರು ಅಕ್ಷರದ, ನಾಲಗೆಗೆ ಹಗುರವಾದ ಹೆಸರುಗಳು. ಮೂರು ದಶಕ ಕನ್ನಡ ಪಾಠ ಹೇಳಿದ ನಾನು ಸುಮ್ಮನಿರಲಾರದೆ, ನಮ್ಮವ್ವನ ಹೆಸರನ್ನು ಏಕಿಡಬಾರದು ಎಂದು ಕೇಳಿದೆ. ನಮ್ಮವ್ವನ ಹೆಸರು ಸಾಕಮ್ಮ. ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಸೊಸೆ ಮೆಲ್ಲನೆ, “ಮಾವ, ಈಗತಾನೆ ಹುಟ್ಟಿದ ಮಗೂನ ಸಾಕು ಅಂತ ಹೇಗೆ ಕರೆಯೋದು?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಇಂದಿನ ಈ ನಾಲ್ಕು ಮಾತುಗಳು ಆ ಉತ್ತರವನ್ನು ಹುಡುಕುವ ಪ್ರಯತ್ನ.

ಹಳೆಯ ಹೆಸರುಗಳು ಮತ್ತೆ ಬಳಕೆಗೆ ಬಂದಾವೇ ಎಂದು ಕೇಳುವ ಮೊದಲು ಅವು ಏಕೆ ಹುಟ್ಟಿದ್ದವು ಎಂಬುದನ್ನು ನೋಡಬೇಕು. ನಮ್ಮ ಸೀಮೆಯಲ್ಲಿ ಹೆಸರು ಬಹುಮಟ್ಟಿಗೆ ಬೆಟ್ಟದಿಂದ ಇಳಿದು ಬರುತ್ತಿತ್ತು. ರೇವಣಸಿದ್ಧೇಶ್ವರನ ಬೆಟ್ಟದ ಒಕ್ಕಲಿನಲ್ಲಿ ರೇವಣ್ಣ, ರೇವಮ್ಮ, ಸಿದ್ದಯ್ಯ, ಸಿದ್ದಮ್ಮ. ಕನಕಪುರದ ಕಡೆ ಕಬ್ಬಾಳಿನ ದೇವಿಯಿಂದ ಕಬ್ಬಾಳಮ್ಮ, ಕಬ್ಬಾಳಯ್ಯ. ಮಾಗಡಿಯ ಕಡೆ ಸಾವನದುರ್ಗದಿಂದ ವೀರಭದ್ರಯ್ಯ, ಮಾಗಡಿಯ ದೇವರಿಂದ ರಂಗಯ್ಯ, ರಂಗಮ್ಮ. 1952ರಲ್ಲಿ ಮುಖ್ಯಮಂತ್ರಿಗಳಾಗಿ ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ನಮ್ಮ ತಾಲ್ಲೂಕಿನ ಲಕ್ಕಪ್ಪನಹಳ್ಳಿಯವರು. ಚನ್ನಪಟ್ಟಣದ ದಾರಿಯಲ್ಲಿರುವ ಕೆಂಗಲ್ಲಿನ ಆಂಜನೇಯ ಅವರ ಹೆಸರಿನಲ್ಲಿ ಊರುಸಮೇತ ನೆಲೆಸಿದ್ದಾನೆ. ಅಂದಿನ ಹೆಸರು ಮನುಷ್ಯನ ವಿಳಾಸವೂ ಆಗಿತ್ತು.

ಎರಡನೆಯ ಬಗೆಯವು ಭಯದ ಹೆಸರುಗಳು. ಹೆತ್ತ ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಂದು ತಿಪ್ಪಯ್ಯ ಎನ್ನುತ್ತಿದ್ದರು. ಕಸವೆಂದರೆ ಸಾವೂ ಮೂಸಿ ನೋಡದೆಂಬ ನಂಬಿಕೆ. ಕಲ್ಲಯ್ಯನೂ ಹುಚ್ಚಮ್ಮನೂ ಇದೇ ಬಳಗದವರು. ಇನ್ನೂ ಧೈರ್ಯವಂತರು ಸಾವಿನ ಹೆಸರನ್ನೇ ಕೂಸಿಗೆ ಇಟ್ಟರು. ಯಮ ಶಬ್ದದ ತದ್ಭವ ಜವ. ಜವರಯ್ಯ, ಜವರೇಗೌಡ ಎಂಬ ಹೆಸರುಗಳು ಅದರಿಂದ ಬಂದವು. ಟಾಲ್‌ಸ್ಟಾಯ್‌ಯನ್ನು ಕನ್ನಡಕ್ಕೆ ತಂದ ದೇ. ಜವರೇಗೌಡರು ಚನ್ನಪಟ್ಟಣ ತಾಲ್ಲೂಕಿನ ಚಕ್ಕೆರೆಯಲ್ಲಿ ಹುಟ್ಟಿ, ನೂರರ ಸಮೀಪದವರೆಗೆ ಬಾಳಿ, 2016ರಲ್ಲಿ ತೀರಿಕೊಂಡರು. ಆ ಹೆಸರು ಅವರ ಮಟ್ಟಿಗಂತೂ ತನ್ನ ಕೆಲಸವನ್ನು ಮಾಡಿತೆನ್ನಬೇಕು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ಲಸಿಕೆ ಹಳ್ಳಿಹಳ್ಳಿಗೆ ತಲುಪಿದಂತೆ ತಿಪ್ಪಯ್ಯ, ಕಲ್ಲಯ್ಯರು ತೊಟ್ಟಿಲಿನಿಂದ ಇಳಿದು ಹೋದರು. ಈ ಹೆಸರುಗಳ ಅಳಿವಿಗೆ ನಾನು ಮರುಗಲಾರೆ. ಅವು ಅಳಿದದ್ದು ಕೂಸುಗಳು ಉಳಿದದ್ದರಿಂದ.

ಮೂರನೆಯ ಬಗೆಯವು ತಾತ್ಸಾರದ ಹೆಸರುಗಳು. ಇಲ್ಲಿ ನನ್ನ ಮಾತು ತೊಡರುತ್ತದೆ. ಹೆಣ್ಣುಮಕ್ಕಳ ಸಾಲು ಬೆಳೆದಾಗ ದೇವರಿಗೆ ‘ಇನ್ನು ಬೇಡ’ ಎಂದು ತಿಳಿಸುವುದಕ್ಕೆ ಇಟ್ಟ ಹೆಸರು ಸಾಕಮ್ಮ. ನಮ್ಮವ್ವ ನಾಲ್ಕನೆಯ ಹೆಣ್ಣು. ಇದಕ್ಕಿಂತಲೂ ಕಟುವಾದದ್ದು ಜಾತಿಯ ತಾತ್ಸಾರ. ಊರಿನ ಒಂದು ಕೇರಿಯವರ ಹೆಸರಿಗೆ ಅಯ್ಯ, ಅಪ್ಪ, ಗೌಡ ಎಂಬ ಬಾಲಗಳು ತಾವಾಗಿ ಸೇರುತ್ತಿದ್ದವು. ಇನ್ನೊಂದು ಕೇರಿಯಲ್ಲಿ ಅಜ್ಜನ ವಯಸ್ಸಿನವನೂ ಮೇಲಿನವರ ಬಾಯಲ್ಲಿ ಬರಿಯ ಕರಿಯ, ಬರಿಯ ಮಾದ. ಆ ಕೇರಿಯ ತಂದೆಯೊಬ್ಬ ತನ್ನ ಮಗನಿಗೆ ಆನಂದನೆಂದೋ ಪ್ರಕಾಶನೆಂದೋ ಹೆಸರಿಟ್ಟರೆ, ಕತ್ತರಿಸಿದರೂ ಕುಗ್ಗದ ಒಂದು ಹೆಸರನ್ನು ಮಗನಿಗೆ ಕೊಟ್ಟಂತೆ. ಹಳೆಯ ಹೆಸರುಗಳೆಲ್ಲ ಮರಳಿ ಬರಲೆಂದು ಪಟ್ಟಣದ ವಾಚನಾಲಯದಲ್ಲಿ ಕುಳಿತು ಹಾರೈಸುವ ನಮ್ಮಂಥವರು ಆ ತಂದೆಯನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಸಾಹಿತ್ಯದಲ್ಲಿಯೂ ಈ ಎಳೆದಾಟವಿದೆ. ಪುಟ್ಟಪ್ಪನೆಂಬ ಅಚ್ಚ ಹಳ್ಳಿಯ ಹೆಸರಿನ ಕುವೆಂಪು ಅವರು 1938ರಲ್ಲಿ ಹುಟ್ಟಿದ ಮಗನಿಗೆ ಪೂರ್ಣಚಂದ್ರ ತೇಜಸ್ವಿ ಎಂದು ಹೆಸರಿಟ್ಟರು. ಅದೇ ಕವಿಯ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಪ್ರಕಟವಾದಾಗ ಅದರ ತುಂಬ ಓಡಾಡಿದವರು ಗುತ್ತಿ, ತಿಮ್ಮಿ, ಐತ, ಪಿಂಚಲು. ತೊಟ್ಟಿಲು ಬಿಟ್ಟುಕೊಟ್ಟ ಹೆಸರುಗಳನ್ನು ಕಾದಂಬರಿ ಕೈಹಿಡಿದು ಕರೆದುಕೊಂಡಿತು.

ಹಾಗಾದರೆ ಬಿಟ್ಟ ಹೆಸರು ತೊಟ್ಟಿಲಿಗೆ ಮರಳುವುದುಂಟೆ? ಉಂಟು. ಎಮ್ಮಾ ಎಂಬ ಹೆಸರು 1880ರಲ್ಲಿ ಅಮೆರಿಕದ ಹೆಣ್ಣುಕೂಸುಗಳ ಹೆಸರುಗಳಲ್ಲಿ ಮೂರನೆಯ ಸ್ಥಾನದಲ್ಲಿತ್ತು. ಬಳಿಕ ಅಜ್ಜಿಯರ ಹೆಸರೆನಿಸಿಕೊಂಡು ಬಹಳ ಕೆಳಗೆ ಜಾರಿ, 2008ರಲ್ಲಿ ಮೊದಲನೆಯ ಸ್ಥಾನಕ್ಕೆ ಏರಿತು. ಅಮ್ಮನ ಹೆಸರು ಹಳತಾಗಿ ಕಾಣುತ್ತದೆ, ಮುತ್ತಜ್ಜಿಯದು ಹೊಸತಾಗಿ ಕೇಳುತ್ತದೆ. ಆದರೆ ಎಲ್ಲ ಹೆಸರಿಗೂ ಈ ಭಾಗ್ಯವಿಲ್ಲ. ಹತ್ತನೆಯ ಶತಮಾನದಲ್ಲಿ ರನ್ನ ತನ್ನನ್ನು ಪೊರೆದ ಅತ್ತಿಮಬ್ಬೆಯ ಹೆಸರನ್ನು ತನ್ನ ಮಗಳಿಗೆ ಇಟ್ಟನು. ಋಣವನ್ನು ತೀರಿಸುವುದಕ್ಕೆ ಕವಿ ಕಂಡುಕೊಂಡ ದಾರಿ ಅದು. ಇಷ್ಟು ಗೌರವ ಪಡೆದ ಹೆಸರಾದರೂ ‘ಅಬ್ಬೆ’ ಎಂಬ ಅದರ ಬಾಲ ಇಂದಿನ ಕಿವಿಗೆ ದೂರವಾಗಿದೆ.

ತೊಟ್ಟಿಲಿಗೆ ಮರಳದ ಹೆಸರು ಬೇರೆ ಕಡೆ ಅಡಗಿ ಬದುಕುವುದೂ ಉಂಟು. ನಮ್ಮ ರಾಮನಗರವನ್ನೇ ನೋಡಿ. ಶ್ರೀರಂಗಪಟ್ಟಣದ ಪತನದ ನಂತರ ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ಅದು ಕ್ಲೋಸ್‌ಪೇಟೆಯಾಗಿತ್ತು; ಆಮೇಲೆ ರಾಮನಗರವಾಯಿತು; 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣವೆಂದು ಬದಲಾಯಿತು. ಆದರೆ ಸುಮಾರು 250 ಕೋಟಿ ವರ್ಷ ಹಳೆಯದಾದ ನಮ್ಮ ಬಂಡೆಯನ್ನು ಭೂವಿಜ್ಞಾನಿಗಳು ಇಂದಿಗೂ ಕರೆಯುವುದು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ. ಊರು ಬಿಟ್ಟ ಹೆಸರನ್ನು ಕಲ್ಲು ಉಳಿಸಿಕೊಂಡಿತು.

ಈಗ ಸೊಸೆಯ ಪ್ರಶ್ನೆಗೆ ಬರುತ್ತೇನೆ. ಸಾಕು ಎಂಬ ಒಂದೇ ರೂಪಕ್ಕೆ ಕನ್ನಡದಲ್ಲಿ ಎರಡು ಅರ್ಥ. ಒಂದು, ಇನ್ನು ಬೇಡ ಎಂಬುದು. ಇನ್ನೊಂದು, ಸಲಹು ಎಂಬ ಕ್ರಿಯೆ. ನಮ್ಮವ್ವ ಮೊದಲನೆಯ ಅರ್ಥವನ್ನು ಹೊತ್ತು ಹುಟ್ಟಿ ಎರಡನೆಯದನ್ನು ಬಾಳಿದಳು. ನಮ್ಮದು ರೇಷ್ಮೆಯ ಸೀಮೆ. ಹುಳ ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಅವಳಿಗೆ ರಾತ್ರಿಯ ನಿದ್ರೆಯಿಲ್ಲ. ಲಾಟೀನು ಹಿಡಿದು ತಟ್ಟೆತಟ್ಟೆಗೂ ಸೊಪ್ಪು ಹಾಕುತ್ತಿದ್ದಳು. ಆ ಗೂಡು ರಾಮನಗರದ ಮಾರುಕಟ್ಟೆಯಲ್ಲಿ ಬಿಕರಿಯಾದ ಹಣದಿಂದ ನಾನು ಎಂ.ಎ. ಓದಿದೆ. ಯಾರಾದರೂ ಹೆಸರಿನ ಬಗ್ಗೆ ಕುಚೋದ್ಯ ಮಾಡಿದರೆ, “ಎಲ್ಲಾರ್ನೂ ಸಾಕ್ದೋಳು ಸಾಕಮ್ಮ ಕಣಪ್ಪ” ಎನ್ನುತ್ತಿದ್ದಳು. ಅರ್ಥವನ್ನು ಹೀಗೆ ತಿರುಗಿಸಿದವಳು ಅವಳೊಬ್ಬಳೇ ಅಲ್ಲ. ಬೆಂಗಳೂರಿನಲ್ಲಿ ಕಾಫಿಪುಡಿಯ ಉದ್ಯಮ ನಡೆಸಿ ಹೆಸರಾದ ಸಾಕಮ್ಮನವರ ನೆನಪಿಗೆ ಬಸವನಗುಡಿಯಲ್ಲಿ ಸಾಕಮ್ಮ ಗಾರ್ಡನ್ಸ್ ಇದೆ. ದೇವನೂರ ಮಹಾದೇವರ ‘ಒಡಲಾಳ’ವನ್ನು ಓದಿದವರು ಅದರ ಸಾಕವ್ವನನ್ನು ಮರೆಯಲಾರರು. ಹೆಸರಿಗೆ ಅಂಟಿದ ಕೊಳೆಯನ್ನು ತೊಳೆಯುವವರು ಅದನ್ನು ಹೊತ್ತು ಬಾಳಿದವರೇ. ಅದು ವೈಯಾಕರಣಿಯ ಕೈಯಲ್ಲಾಗುವ ಕೆಲಸವಲ್ಲ.

ಇಷ್ಟೆಲ್ಲವನ್ನೂ ಯೋಚಿಸಿ ಮರುದಿನ ನಾನು ನನ್ನ ಸಲಹೆಯನ್ನು ಹಿಂತೆಗೆದುಕೊಂಡೆ. ಹೆಸರಿನ ಹೆಮ್ಮೆ ನನ್ನದು. ಶಾಲೆಯಲ್ಲಿ ಹಾಜರಿ ಕೂಗುವಾಗ ಅದನ್ನು ಹೊರಬೇಕಾದವಳು ಆ ಮಗು. ಅವ್ವನ ನೆರವೇರದ ಲೆಕ್ಕವನ್ನು ಅವಳ ತಲೆಯ ಮೇಲೆ ಹೊರಿಸುವ ಹಕ್ಕು ನನಗೆಲ್ಲಿಯದು? ಹೊನ್ನಮ್ಮ, ಚೆನ್ನಮ್ಮ, ರೇವಮ್ಮ ಮುಂತಾದ ಅಕ್ಕರೆಯ ಹೆಸರುಗಳು ಬಂದರೆ ಬರಲಿ. ಬರುವುದಕ್ಕೆ ಅವುಗಳಿಗೆ ಯಾರ ಅಪ್ಪಣೆಯೂ ಬೇಡ. ತಾತ್ಸಾರದ ಹೆಸರು ಮರಳುವುದಾದರೆ, ಅದನ್ನು ಹೊರುವವರು ತಾವಾಗಿ ಬಯಸಿದಾಗ ಮರಳಬೇಕು.

ನಾನು ಇದನ್ನು ಹೇಳಿದಾಗ ಸೊಸೆ ಬಹಳ ಹೊತ್ತು ಮಗುವಿನ ಕಾಲನ್ನು ನೀವುತ್ತ ಕುಳಿತಿದ್ದಳು. ಆಮೇಲೆ, “ಮಾವ, ನಿಮ್ಮ ಹೆಸರಿನ ಹಿಂದೆ ಕೈಲಾಂಚದ ಕೈ ಇದೆ, ತಾತನ ಹೆಸರಿನ ಅಕ್ಷರ ಇದೆ. ಅಜ್ಜಿಯದು ಎಲ್ಲಿದೆ?” ಎಂದಳು. ಅರವತ್ತು ದಾಟಿದ ನನಗೆ ಒಂದು ದಿನವೂ ಹೊಳೆಯದ ಮಾತು ಅದು. ಅವ್ವ ಹುಳ ಸಾಕಿದ ಹಣದಲ್ಲಿ ಸಂಪಾದಿಸಿದ ನನ್ನ ಪದವಿಪತ್ರದ ಮೇಲೆ ಅವಳ ಒಂದು ಅಕ್ಷರವೂ ಇಲ್ಲ.

ಮಗುವಿಗೆ ಮಗನ ಪಟ್ಟಿಯಿಂದಲೇ ಒಂದು ಹೆಸರನ್ನಿಟ್ಟೆವು. ಅದರ ಹಿಂದೆ, ಸೊಸೆಯ ಇಚ್ಛೆಯಂತೆ, ‘ಸಾ’ ಎಂಬ ಒಂದಕ್ಷರ ನಿಂತಿದೆ. ಅದೇನೆಂದು ಆ ಮಗು ಎಂದಾದರೂ ಕೇಳಿದರೆ ಹೇಳುವುದಕ್ಕೆ ನಾನಿರಬೇಕೆಂಬ ಆಸೆಯಿದೆ. ನಾನಿಲ್ಲದಿದ್ದರೆ ಅವಳ ತಾಯಿ ಹೇಳುತ್ತಾಳೆ.